ಕಟ್ಟಿಗೆ ಕೊಳೆಸುವ ಕಾಕಾ

ಜೋರು ಗಾಳಿ ಬೀಸಿದರೆ ದಾಂಡೇಲಿಯ ಜನ ಕಿಟಕಿ ಹಾಕಿಕೊಳ್ಳುತ್ತಾರೆ. ನಮ್ಮ ಕಾಕಾ ಚಪ್ಪಲಿ ಹಾಕಿಕೊಳ್ಳುತ್ತಾರೆ. ಯಾರ ಮನೆಯ ಮುಂದೆ ಯಾವ ಕೊಂಬೆ ಬಿತ್ತು ಎಂದು ನೋಡಲು ಹೊರಡಬೇಕಲ್ಲ! ಬೇರೆಯವರು ಬಿದ್ದ ಕೊಂಬೆ ಹೊತ್ತು ತರುವುದು ಒಲೆಗೆ, ಸ್ನಾನದ ಹಂಡೆಗೆ, ಹೆಚ್ಚೆಂದರೆ ಬೇಲಿಗೆ. ಇವರು ತರುವುದು ಕೊಳೆಸಲು. ಮಳೆಗಾಲ ಬಂತೆಂದರೆ ಊರಿಗೆ ಊರೇ ಕಟ್ಟಿಗೆ ನೆನೆಯದಂತೆ ತಾಡಪತ್ರಿ ಹೊದಿಸುತ್ತದೆ. ಕಟ್ಟಿಗೆಗೆ ಕೊಡದಿಂದ ನೀರು ಹೊಯ್ಯುವ ಗಂಡಸು ನಮ್ಮ ವಂಶದಲ್ಲೇ ಹುಟ್ಟಬೇಕಿತ್ತೆ?

ಹಾಗೆಂದು ಕಾಕಾ ದಡ್ಡರಲ್ಲ. ಕಾಗದದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಮರದ ದಿಮ್ಮಿಗಳನ್ನು ಯಂತ್ರಕ್ಕೆ ಕೊಟ್ಟು ಚೂರು ಮಾಡುವ ವಿಭಾಗ ಅವರದು. ಆ ಚೂರುಗಳನ್ನು ಬೇಯಿಸಿ ಮೆತ್ತಗೆ ಮಾಡುವ ಮನೆಯಷ್ಟು ಎತ್ತರದ ಹಂಡೆಗೆ ಮಿಲ್ಲಿನವರು ಡೈಜೆಸ್ಟರ್ ಎನ್ನುತ್ತಾರೆ. ಹಿತ್ತಲಿನ ಕೊಂಬೆಯ ರಾಶಿಗೂ ಕಾಕಾ ಅದೇ ಹೆಸರಿಟ್ಟಿದ್ದಾರೆ. ಇಷ್ಟೆಲ್ಲಾ ಯಾಕೆ ಎಂದು ಕೇಳಿದಿರೋ, ಉತ್ತರ ಅಡುಗೆಮನೆಯಲ್ಲಿದೆ. ಅಲ್ಲಿ ಚಿಗವ್ವ ಇದ್ದಾಳೆ, ಕಾಕಾನ ಹೆಂಡತಿ.

ಚಿಗವ್ವ ನವಲಗುಂದದ ಕಡೆಯವಳು. ಕರಿಯ ಎರೆಮಣ್ಣಿನಲ್ಲಿ ಹುಟ್ಟಿ ಬೆಳೆದವಳಿಗೆ ದಾಂಡೇಲಿಯ ಕೆಂಪು ಮಣ್ಣು ಕಣ್ಣಿಗೇ ಬೀಳುವುದಿಲ್ಲ. "ಇದೇನ ಮಣ್ಣ? ಇಟ್ಟಂಗಿ ಪುಡಿ," ಎನ್ನುತ್ತಾಳೆ. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತೆಂದರೆ ಅವಳ ತಮ್ಮ ತವರಿನ ಹೊಲದ ಕರಿ ಮಣ್ಣನ್ನು ಚೀಲದಲ್ಲಿ ತುಂಬಿ ಬಸ್ಸಿಗೆ ಹಾಕುತ್ತಿದ್ದ. ಅದನ್ನು ಕಲಸಿ ಎರಡು ಎತ್ತು, ಅವುಗಳ ಮುಂದೆ ಮೇವು ತಿನ್ನಲೊಂದು ಗ್ವಾದಲಿ ಮಾಡಿ, ಕೊಂಬಿಗೆ ಕುಸುಬಿ ಕಾಳು ಚುಚ್ಚಿ, ಪೂಜೆ ಮಾಡಿ, ಕಡಬು ತಿಂದರೆ ಅವಳ ವರ್ಷ ಶುರು. ಹೋದ ವರ್ಷದ ಅಮಾವಾಸ್ಯೆಗೆ ಚೀಲ ಬರಲಿಲ್ಲ. ತಮ್ಮ ಹೊಲ ಮಾರಿದ್ದ. ಚಿಗವ್ವ ಪೇಟೆಯಿಂದ ಬಣ್ಣ ಬಳಿದ ಎತ್ತು ತರಿಸಿದಳು, ಪೂಜೆ ಮಾಡಿದಳು, ಎಲ್ಲರಿಗೂ ಕಡಬು ಬಡಿಸಿದಳು, ತಾನು ಮಾತ್ರ ಮುಟ್ಟಲಿಲ್ಲ. ಬೈಯಲೂ ಇಲ್ಲ. ಚಿಗವ್ವನ ಬೈಗುಳ ತಿಂದು ಗಟ್ಟಿಯಾದ ಕಾಕಾನಿಗೆ ಅವಳ ಮೌನ ಒಂದು ದಿನವೂ ಸಹಿಸಲಾಗಲಿಲ್ಲ.

"ಮುಂದಿನ ಅಮಾಸಿಗೆ ಕರೀ ಮಣ್ಣ ನಾ ಮಾಡಿಕೊಡತೇನಿ," ಎಂದುಬಿಟ್ಟರು.

"ಮಣ್ಣ ಮಾಡತೀರಿ? ದೇವರೇನು ನೀವು?"

"ದೇವರಲ್ಲ. ಮಿಲ್ಲಿನಾವ."

ಹೀಗೆ ಶುರುವಾಯಿತು ನೋಡಿ. ಎಲೆ, ಕಡ್ಡಿ, ಕೊಂಬೆ ಕೊಳೆತರೆ ಕರಿ ಮಣ್ಣಾಗುತ್ತದೆ ಎಂದು ಎಲ್ಲೋ ಕೇಳಿದ್ದರಂತೆ. ಎಷ್ಟು ದಿನಕ್ಕೆ ಎಂದು ಕೇಳುವ ಮೊದಲೇ ಎದ್ದು ಬಂದಿದ್ದರು. ಹಿತ್ತಲಿನ ಪೇರಲ ಗಿಡದ ಕೊಂಬೆಗಳನ್ನು ಕಡಿದು ಒಟ್ಟಿ, "ಆನಿ ಕಾಲಿನಂಥಾ ದಿಮ್ಮಿ ಮೆತ್ತಗ ಮಾಡೇನಿ, ಈ ಪ್ಯಾರಲ ಕಡ್ಡಿ ಯಾವ ಗಿಡದ ತೊಪ್ಪಲ?" ಎಂದು ಮೀಸೆ ತಿರುವಿದರು. ತಿಂಗಳಾದರೂ ಪೇರಲ ಕಡ್ಡಿ ಪೇರಲ ಕಡ್ಡಿಯಾಗಿಯೇ ಇತ್ತು. ಒಂದೆರಡು ಕಡೆ ಚಿಗುರೂ ಒಡೆದಿತ್ತು! ಕೊಳೆಯಲೆಂದು ಹಾಕಿದ್ದು ಬೆಳೆಯತೊಡಗಿದರೆ ಮನುಷ್ಯ ಏನು ಮಾಡಬೇಕು ಹೇಳಿ?

ಆಮೇಲೆ ಗೊತ್ತಾಯಿತು, ಬರೀ ಕಟ್ಟಿಗೆ ತಾನಾಗಿ ಕೊಳೆಯುವುದಿಲ್ಲ. ಅದನ್ನು ಸಣ್ಣಗೆ ಕತ್ತರಿಸಬೇಕು, ಜೊತೆಗೆ ಹಸಿ ಸೊಪ್ಪು, ಸೆಗಣಿ, ಹುಳಿ ಮಜ್ಜಿಗೆ ಬೇಕು. ಅಂದಿನಿಂದ ಆ ಮನೆಯಲ್ಲಿ ಮನುಷ್ಯರಿಗೆ ಮಜ್ಜಿಗೆ ಸಿಕ್ಕಿಲ್ಲ. ನಾನು ಹಳಿಯಾಳದಿಂದ ಬಿಸಿಲಲ್ಲಿ ಬಂದು ಕೂತರೆ ಕಾಕಾ ತಂಬಿಗೆ ಹಿಡಿದು ನನ್ನ ಮುಂದೆಯೇ ಹಿತ್ತಲಿಗೆ ಹೋಗುತ್ತಾರೆ. "ನಿನಗ ಮನ್ಯಾಗ ಸಿಗತೈತಿ ತಂಗಿ, ಅದಕ್ಕ ಯಾರದಾರ?" ಚಹಾದಂಗಡಿಗಳಲ್ಲಿ ಸೋಸಿ ಉಳಿದ ಚರಟವೂ ಬೇಕೆಂದು ಪೇಟೆ ಸುತ್ತಿದರು. ಪುಕ್ಕಟೆ ಕೇಳಲು ನಾಚಿಕೆ. ಆದ್ದರಿಂದ ಪ್ರತಿ ಅಂಗಡಿಯಲ್ಲೂ ಒಂದು ಚಹಾ ಕುಡಿದು ಚರಟ ಕೇಳಿದರು. ಆ ವಾರ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ, ಯಾಕೆಂದರೆ ಕಾಕಾ ಎಚ್ಚರವಿದ್ದರೆ ಮಾತಾಡುತ್ತಾರೆ.

ಫೋನಿನ ಕಥೆ ಬೇರೆ. ಯಾರೇ ಫೋನ್ ಮಾಡಿ ಕಾಕಾ ಎಲ್ಲಿ ಎಂದರೂ ಚಿಗವ್ವನ ಉತ್ತರ ಒಂದೇ: "ಡೈಜೆಸ್ಟರಿಂದ ಭಾಳ ತ್ರಾಸ ಆಗೇತ್ರಿ, ಮುಂಜಾನಿಂದ ಹಿತ್ತಲದಾಗ ಅದಾರ." ಧಾರವಾಡದ ನಮ್ಮ ಸೋದರತ್ತೆ ಗಾಬರಿಯಾಗಿ, ಅಜವಾನ, ಸೈಂಧವ ಲವಣ, ಮೇಲೊಂದು ಡಾಕ್ಟರ ವಿಳಾಸ ಕಳಿಸಿಕೊಟ್ಟರು. ಕಾಕಾ ಅಜವಾನವನ್ನೂ ರಾಶಿಗೇ ಹಾಕಿದರು.

ಪೇರಲ ಗಿಡ ಮುಗಿಯಿತು, ಇನ್ನೂ ಕೊಂಬೆ ಬೇಕಾಯಿತು. ಅಂಬಿಕಾನಗರದ ಕ್ವಾರ್ಟರ್ಸಿನಲ್ಲಿ ನಮ್ಮವರೊಬ್ಬರು ಅಂಗಳದ ಮಾವು, ದಾಸವಾಳ ಸವರಿಸುತ್ತಿದ್ದಾರೆಂದು ತಿಳಿದದ್ದೇ ತಡ, ಪಕ್ಕದ ಮನೆಯ ಮೆಕ್ಯಾನಿಕ್ ಖಾದರ್‌ಭಾಯಿಯನ್ನು ಎಬ್ಬಿಸಿ ಅವರ ಆಟೊದಲ್ಲಿ ಹೊರಟರು. ಬರುವಾಗ ಆಟೊ ಕಾಣುತ್ತಿರಲಿಲ್ಲ, ಗಾಲಿಗಳ ಮೇಲೆ ಒಂದು ಪೊದೆ ಬರುತ್ತಿತ್ತು. ನಮ್ಮ ಕಡೆ ಕಾಡಿನ ನಡುವೆ ರಸ್ತೆ, ರಸ್ತೆಯ ನಡುವೆ ಗೇಟು, ಗೇಟಿನಲ್ಲಿ ಗಾರ್ಡು. ಕೈ ಅಡ್ಡ ಹಾಕಿ ನಿಲ್ಲಿಸಿದ.

"ಕಟ್ಟಿಗಿ ಎಲ್ಲಿಗ್ರಿ?"

"ಮನಿಗ್ರಿ."

"ಒಲಿಗೇನು?"

"ಅಲ್ರಿ, ಕೊಳಸಾಕ."

ಗಾರ್ಡಿಗೆ ತನ್ನ ಸರ್ವಿಸಿನಲ್ಲಿ ಎಷ್ಟೋ ಸುಳ್ಳು ಕೇಳಿ ಗೊತ್ತು, ಇದು ಮಾತ್ರ ಹೊಸದು. ಕೊಂಬೆಗಳ ಕೆಳಗೆ ಸಾಗುವಾನಿ ಅಡಗಿದೆ ಎಂದು ಖಾತ್ರಿಯಾಯಿತು. ಒಂದೊಂದೇ ಕೊಂಬೆ ಇಳಿಸಿದ. "ಖರೇ ಹೇಳ್ರಿ ಯಜಮಾನ್ರ, ಕೆಳಗ ಏನೈತಿ?" ಕಾಕಾ ಖರೇ ಹೇಳಿದರು: "ಕೆಳಗ ಸೀಟ್ ಐತ್ರಿ." ಗಾರ್ಡಿನ ಮುಖ ಕೆಂಪಾಯಿತು. ಕೊನೆಗೆ ಖಾದರ್‌ಭಾಯಿ ಕೈ ಮುಗಿದರು. "ಬಿಡ್ರಿ ಸಾಹೇಬ್, ಸುಳ್ಳ ಹೇಳೋ ಅಷ್ಟು ಶಾಣ್ಯಾ ಮನಷ್ಯಾ ಅಲ್ಲ ಇವ್ರು." ಈ ಪ್ರಮಾಣಪತ್ರದ ಮೇಲೆ ಬಿಡುಗಡೆಯಾಯಿತು. ಮುಂದೆ ಅದೇ ಗಾರ್ಡು ತನ್ನ ಮನೆಯ ಮೆಹಂದಿ ಬೇಲಿ ಕತ್ತರಿಸಿ, ಸೊಪ್ಪನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದು ಕಾಕಾನ ಬಾಗಿಲಲ್ಲಿ ಇಳಿಸಿ ಹೋದ. ರೋಗ ಅಂಟುವುದು ಹೀಗೆಯೇ.

ಮಚ್ಚಿನಲ್ಲಿ ಕೊಂಬೆ ಕಡಿದು ಕಡಿದು ತೋಳು ಬಾತಾಗ ಕಾಕಾನಿಗೆ ಮಿಲ್ಲಿನ ಯಂತ್ರ ನೆನಪಾಯಿತು. ಖಾದರ್‌ಭಾಯಿಯ ಕೈಯಲ್ಲಿ ಮೇವು ಕತ್ತರಿಸುವ ಹಳೆಯ ಯಂತ್ರಕ್ಕೆ ಒಂದು ಮೋಟಾರು ಹಾಕಿಸಿಯೇಬಿಟ್ಟರು. ಯಂತ್ರ ಚೆನ್ನಾಗಿಯೇ ಕತ್ತರಿಸುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಕತ್ತರಿಸಿದ್ದು ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಅದು ಯಾರನ್ನೂ ಕೇಳುತ್ತಿರಲಿಲ್ಲ. ಚೂರುಗಳು ಒಣಹಾಕಿದ ಸಂಡಿಗೆಯ ಮೇಲೆ, ಖಾದರ್‌ಭಾಯಿಯ ಗಡ್ಡದೊಳಗೆ, ಒಂದು ದಿನ ಕಿಟಕಿಯಿಂದ ತೂರಿ ನೇರ ಪಲಾವಿನ ಪಾತ್ರೆಗೆ. ಅಂದು ಬೀಗರು ಊಟಕ್ಕೆ ಬಂದಿದ್ದರು. ಅವರಲ್ಲೊಬ್ಬರು ಬಾಯಿಂದ ಒಂದು ಚೂರು ತೆಗೆದು ಬೆಳಕಿಗೆ ಹಿಡಿದು ನೋಡಿದರು.

"ದಾಲ್ಚಿನ್ನಿ ಅದು, ಜಗೀರಿ, ಚಲೋ ಆಗತೈತಿ," ಎಂದರು ಕಾಕಾ.

"ನಾ ದಾಲ್ಚಿನ್ನಿ ಹಾಕೇ ಇಲ್ಲ," ಎಂದಳು ಚಿಗವ್ವ ಒಳಗಿಂದ.

"ಅದಕ್ಕ ನಾ ಹಾಕೇನಿ."

ಬೀಗರು ಮರ್ಯಾದಸ್ಥರು, ಜಗಿದರು. ಹೋಗುವಾಗ ಪಲಾವು ಚಲೋ ಆಗಿತ್ತು, ಮಾವಿನಕಾಯಿ ವಾಸನೆ ಬರುತ್ತಿತ್ತು ಎಂದು ಹೊಗಳಿಯೂ ಹೋದರು!

ಇಷ್ಟಾದ ಮೇಲೆ ರಾಶಿಗೆ ಕರುಣೆ ಬಂತು. ಮಾಗಿಯ ಚಳಿಯಲ್ಲಿ ಒಂದು ಮುಂಜಾನೆ ಅದರಿಂದ ಹಬೆ ಏಳತೊಡಗಿತು. ಒಳಗೆ ಕೊಳೆಯುತ್ತಿದ್ದರೆ ರಾಶಿ ಬಿಸಿಯಾಗುತ್ತದಂತೆ. ಖಾದರ್‌ಭಾಯಿಯ ಹೆಂಡತಿ ಕಾಂಪೌಂಡಿನ ಆಚೆಯಿಂದ ನೋಡಿ ಬೆಂಕಿ ಬಿತ್ತೆಂದು ಕೂಗಿ, ಕೊಡಗಟ್ಟಲೆ ನೀರು ಗೋಡೆಯ ಮೇಲಿಂದ ಸುರಿದರು. ರಾಶಿಯ ಆಚೆ ಬದಿಗೆ ಕಾಕಾ ತೋಳಿನವರೆಗೆ ಕೈ ತೂರಿಸಿ ಅದರ ಜ್ವರ ನೋಡುತ್ತ ಕೂತಿದ್ದರು. ಪೂರ್ತಿ ತೋಯ್ದು ಎದ್ದವರು ಸಿಟ್ಟಾದರೆಂದುಕೊಂಡಿರಾ? "ಈ ಮಗ್ಗಲಕ್ಕೂ ಎರಡ ಕೊಡ ಹಾಕ್ರಿ ಭಾಭೀ, ಒಣಗಿತ್ತು," ಎಂದರು. ಆ ದಿನದಿಂದ ಮನೆಗೆ ಬಂದವರೆಲ್ಲ ರಾಶಿಯೊಳಗೆ ಕೈ ಹಾಕಿ ನೋಡಲೇಬೇಕು. ನಾನೂ ಹಾಕಿದ್ದೇನೆ. ಬಿಸಿ ಇತ್ತು, ಒಪ್ಪುತ್ತೇನೆ. ಏನೋ ಕೈಗೆ ತಾಗಿ ಮೆಲ್ಲಗೆ ಸರಿಯಿತು, ಅದರ ಬಗ್ಗೆ ಮಾತಾಡುವುದಿಲ್ಲ.

ಚಿಗವ್ವ ಮಾತ್ರ ಕೈ ಹಾಕಲಿಲ್ಲ. "ಅಮಾಸಿಗೆ ನೋಡೂಣು," ಎನ್ನುತ್ತಿದ್ದಳು. ಅವಳು ಹಾಗೆಂದಾಗಲೆಲ್ಲ ಕಾಕಾ ನಗುತ್ತಿದ್ದರು, ಆಮೇಲೆ ಹೋಗಿ ರಾಶಿಯನ್ನು ಇನ್ನೊಂದು ಸಲ ತಿರುವಿ ಹಾಕುತ್ತಿದ್ದರು.

ಅಮಾವಾಸ್ಯೆ ಬಂತು. ಮುಂಜಾನೆ ನಾನು ಹೋಗುವಷ್ಟರಲ್ಲಿ ರಾಶಿಯ ಬುಡ ಬಿಚ್ಚಿತ್ತು. ಮೇಲಿನ ಚೂರುಗಳು ಇನ್ನೂ ಚೂರುಗಳೇ. ತಳದಲ್ಲಿ ಮಾತ್ರ ಕರ್ರಗೆ, ಮೆತ್ತಗೆ, ಪುಡಿಪುಡಿ. ಕಾಕಾ ಜರಡಿ ಹಿಡಿದು ಒಂದು ಬುಟ್ಟಿ ತುಂಬಿಸಿ ತಂದು ಚಿಗವ್ವನ ಮುಂದಿಟ್ಟರು. ಅವಳು ಒಂದು ಹಿಡಿ ತೆಗೆದುಕೊಂಡು ಮೂಸಿದಳು. "ಮಳಿ ಬಿದ್ದ ವಾಸನಿ ಬರತೈತಿ," ಎಂದಳು. ಕಾಕಾ ನನ್ನ ಕಡೆ ನೋಡಿದ ನೋಟ ಹೇಗಿತ್ತೆಂದರೆ, ಮಿಲ್ಲಿಗೆ ಮಿಲ್ಲೇ ಅವರ ಹೆಸರಿಗೆ ಬರೆದುಕೊಟ್ಟ ಹಾಗೆ.

ಎತ್ತನ್ನೂ ತಾವೇ ಮಾಡುವೆನೆಂದು ಕೂತರು. ಮೊದಲ ಎತ್ತಿಗೆ ಕಾಲು ಹಚ್ಚಿ ನಿಲ್ಲಿಸಿದರು. ಅದು ಮೊಣಕಾಲೂರಿತು. "ಕುಂತೈತಿ, ದಣದಿರಬೇಕು," ಎಂದರು. ಎರಡನೆಯದು ಕೂರಲೂ ಇಲ್ಲ. "ಮಕ್ಕೊಂಡೈತಿ," ಎಂದರು. ಮೂರನೆಯದು ಅವರ ಕೈಯಲ್ಲೇ ಪುಡಿಯಾಯಿತು. ಎರೆಮಣ್ಣಿಗೆ ಜಿಗುಟು ಇರುತ್ತದೆ, ಅದಕ್ಕೇ ಎತ್ತು ನಿಲ್ಲುವುದು. ಕೊಳೆತ ಕಟ್ಟಿಗೆಗೆ ಎಲ್ಲಿಯ ಜಿಗುಟು? ಬಣ್ಣವೊಂದೇ ಕರಿ, ಉಳಿದದ್ದೆಲ್ಲ ಗೊಬ್ಬರ. ಇಷ್ಟು ಸಣ್ಣ ಮಾತು ವರ್ಷವಿಡೀ ನಮಗ್ಯಾರಿಗೂ ಹೊಳೆದಿರಲಿಲ್ಲ. ಒಕ್ಕಲಿನ ಮನೆಯ ಮಗಳು ಚಿಗವ್ವನಿಗೆ ಹೊಳೆದಿತ್ತೋ ಏನೋ, ಅವಳು ಹೇಳಿರಲಿಲ್ಲ. ವರ್ಷವೆಲ್ಲ ನಕ್ಕ ನನಗೆ ಅಂದು ನಗು ಬರಲಿಲ್ಲ.

"ಆಗಲಿಲ್ಲ ನೋಡು," ಎಂದರು ಕಾಕಾ ಕೈ ಕೊಡವುತ್ತ. "ಪ್ಯಾಟಿಗೆ ಹೋಗಿ ಬಣ್ಣದ ಎತ್ತ ತರತೇನಿ."

ಚಿಗವ್ವ ಎದ್ದಳು. ಸೆರಗು ಸಿಕ್ಕಿಸಿ, ಸಲಿಕೆ ತೆಗೆದುಕೊಂಡು ಅಂಗಳಕ್ಕೆ ಹೋದಳು. ಇಟ್ಟಂಗಿ ಪುಡಿ ಎಂದು ಜರೆದಿದ್ದ ಅದೇ ಕೆಂಪು ಮಣ್ಣನ್ನು ಅಗೆದು, ಹರಳು ಆರಿಸಿ, ಕಾಕಾನ ಗೊಬ್ಬರದೊಂದಿಗೆ ಕಲಸಿ, ಹಿಟ್ಟು ನಾದಿದ ಹಾಗೆ ನಾದಿದಳು. ಎತ್ತುಗಳು ನಿಂತವು. ಕರಿಯೂ ಅಲ್ಲ, ಕೆಂಪೂ ಅಲ್ಲ, ಜೋನಿ ಬೆಲ್ಲದ ಬಣ್ಣ. ಒಂದರ ಬೆನ್ನಲ್ಲಿ ಮಾವಿನ ಕಡ್ಡಿಯ ಚೂರು ಎದ್ದು ಕಾಣುತ್ತಿತ್ತು.

"ಇವು ಎರಿ ಮಣ್ಣಿನ ಎತ್ತಲ್ಲಲ್ಲ," ಎಂದರು ಕಾಕಾ ಸಣ್ಣ ದನಿಯಲ್ಲಿ.

"ನಿಂತಾವಿಲ್ಲೋ? ಸುಮ್ಮ ಕುಸುಬಿ ಕಾಳ ಕೊಡ್ರಿ."

ಅಷ್ಟರಲ್ಲಿ ಫೋನ್ ಬಂತು. ಚಿಗವ್ವನ ಕೈ ಮಣ್ಣಾಗಿತ್ತು, ನಾನೇ ಸ್ಪೀಕರ್ ಹಾಕಿ ಹಿಡಿದೆ. ಅವಳ ತಮ್ಮ. ಹೊಲ ಮಾರಿದ ಅಳುಕು ಅವನ ದನಿಯಲ್ಲಿ ಇನ್ನೂ ಇತ್ತು. "ಅಕ್ಕಾ, ಮಗ್ಗಲ ಹೊಲದಾವ್ರನ್ನ ಕೇಳೇನಿ. ಒಂದ ಚೀಲ ಎರಿ ಮಣ್ಣ ಈಗ ಬಸ್ಸಿಗೆ ಹಾಕಿದ್ರ ಸಂಜಿ ಪೂಜಾದೊಳಗ ಮುಟ್ಟತೈತಿ. ಹಾಕಲೇನು?"

ಕಾಕಾ ಕಾಳಿನ ಬಟ್ಟಲು ಹಿಡಿದು ಹಾಗೇ ನಿಂತರು. ಚಿಗವ್ವ ಎತ್ತಿನ ಕೊಂಬು ತಿದ್ದುತ್ತಲೇ ಹೇಳಿದಳು: "ಬ್ಯಾಡೋ ತಮ್ಮಾ. ಮಣ್ಣ ನಮ್ಮ ಮನ್ಯಾಗ ಆಗೇತಿ."

ಮದುವೆಯಾಗಿ ಬಂದಾಗಿನಿಂದ ಚಿಗವ್ವನ ಬಾಯಲ್ಲಿ 'ನಮ್ಮ ಮನಿ' ಎಂದರೆ ನವಲಗುಂದದ ಕಡೆಯ ಆ ಮನೆ. ದಾಂಡೇಲಿಯದಕ್ಕೆ ಅವಳು 'ಇಲ್ಲಿ' ಎನ್ನುತ್ತಿದ್ದಳು, ಅಷ್ಟೆ. ಕಾಕಾ ಬಟ್ಟಲನ್ನು ಕೆಳಗಿಟ್ಟು, "ಡೈಜೆಸ್ಟರ್ ನೋಡಿ ಬರತೇನಿ," ಎಂದು ಯಾರ ಮುಖವನ್ನೂ ನೋಡದೆ ಹಿತ್ತಲಿಗೆ ನಡೆದರು.

ಕೊಂಬುಗಳಿಗೆ ಕುಸುಬಿ ಕಾಳು ಚುಚ್ಚಿ ಮುಗಿಸಿ ಚಿಗವ್ವ ನನ್ನತ್ತ ತಿರುಗಿದಳು.

"ಹೋಗಿ ಒಳಗ ಕರಕೊಂಡ ಬಾ ತಂಗಿ. ಅದರ ಮ್ಯಾಲೆ ನಿಂತು ಅಳತಿರತಾರ. ನೀರ ಹೆಚ್ಚಾದ್ರ ಗೊಬ್ಬರ ಕೆಡತೈತಿ."