ಕಲ್ಲು ಬೇಡುವ ಅಕ್ಕ

ನಮ್ಮ ದೊಡ್ಡಪ್ಪನ ಮಗಳನ್ನು ಮದುವೆಗೆ ಕರೆಯಲು ನೆಂಟರು ಹಿಂದೆಮುಂದೆ ನೋಡುತ್ತಾರೆ. ಅಕ್ಕ ಜಗಳಗಂಟಿಯಲ್ಲ, ಹೊಟ್ಟೆಬಾಕಿಯೂ ಅಲ್ಲ. ಆದರೆ ಪಕ್ಕದವರ ಎಲೆಗೆ ಪಾಯಸ ಬೀಳುವ ಹೊತ್ತಿಗೆ ಸರಿಯಾಗಿ ಬಾಗಿ ಕೇಳುತ್ತಾಳೆ: “ನಿಮ್ಮ ಕಿಡ್ನಿ ಕಲ್ಲು ಬಿತ್ತಾ? ಬಿದ್ರೆ ಎಸೀಬೇಡಿ, ನಂಗೆ ಕೊಡಿ!”

ಡಾಕ್ಟರೇಟ್ ಮುಗಿಸಿ, ಅದು ಸಾಲದೆಂದು ಅದರಾಚೆಯ ಸಂಶೋಧನೆಗೆ ಕೂತವಳು ಇವಳು. ಡಾಕ್ಟರೇಟಿನ ಆಚೆಗೂ ಏನೋ ಇದೆ ಎಂಬುದು ಸಾಗರದ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. “ಇನ್ನೂ ಪಾಸಾಗ್ಲಿಲ್ವಂತಾ?” ಎಂದು ನನ್ನಮ್ಮ ಇವತ್ತಿಗೂ ಮೆಲ್ಲಗೆ ಕೇಳುವುದುಂಟು. ಕೆಲಸ ಇಷ್ಟೇ: ಗಟ್ಟಿ ವಸ್ತುವನ್ನು ನುಣ್ಣಗೆ ಅರೆದು, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಹಾಯಿಸಿದರೆ, ಒಂದೊಂದು ವಸ್ತು ಬೆಳಕಿನ ಒಂದೊಂದು ಪಾಲನ್ನು ನುಂಗುತ್ತದೆ. ಯಾರು ಎಷ್ಟು ನುಂಗಿದರು ಎಂಬುದು ಏರಿಳಿಯುವ ಗೆರೆಯಾಗಿ ಮೂಡುತ್ತದೆ. ಪುಡಿ ತುಂಬುವುದರಿಂದ ಹಿಡಿದು ಗೆರೆ ಓದಿ ಹೆಸರು ಹೇಳುವವರೆಗೆ ಎಲ್ಲವನ್ನೂ ಯಂತ್ರವೇ ಮಾಡಬೇಕು. ಅದಕ್ಕೆ ಪಾಠ ಹೇಳುವವಳು ಅಕ್ಕ. ಪಠ್ಯಪುಸ್ತಕ ಮಾತ್ರ ನಮ್ಮ ನೆಂಟರ ಹೊಟ್ಟೆಯಿಂದಲೇ ಬರಬೇಕು!

ತಾಳಗುಪ್ಪದ ಮಾವನೊಬ್ಬರು ಹುರುಳಿಕಟ್ಟು ಕುಡಿದು ಕಲ್ಲು ಬೀಳಿಸಿದೆನೆಂದು ಮೂರು ವರ್ಷ ಮೆರೆದಿದ್ದರು. ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದ ಆ ಕಲ್ಲನ್ನು ಅಕ್ಕನಿಗೆ ದಾನ ಮಾಡಿದರು. ಮುಂದಿನ ಮದುವೆಯಲ್ಲಿ ಅಕ್ಕ ಫಲಿತಾಂಶ ತಂದಳು.

“ಮಾವ, ಅದು ಅಕ್ಕಿಯಲ್ಲಿ ಸಿಕ್ಕೋ ಕಲ್ಲು.”

“ಹಾಗಾರೆ ನಂದೆಲ್ಲಿ ಹೋಯ್ತೇ?”

“ಎಲ್ಲಿಗೂ ಹೋಗಿರ್ಲಿಕ್ಕಿಲ್ಲ. ಒಳಗೇ ಇರ್ಬೋದು.”

ಮಾವ ಮೊಸರನ್ನಕ್ಕೂ ಕಾಯದೆ ಎದ್ದರು. ಅಕ್ಕನಿಗೆ ಮಾತ್ರ ಹಬ್ಬ. ಸುಳ್ಳು ಕಲ್ಲನ್ನೂ ಯಂತ್ರ ನೋಡಿರಬೇಕಂತೆ! ಗುರುತಿಲ್ಲದ್ದು ಎದುರಾದಾಗ ‘ಗೊತ್ತಿಲ್ಲ’ ಎನ್ನಲು ಅದು ಕಲಿತ ದಿನ ಮನೆಗೆಲ್ಲ ಪೇಡೆ ಹಂಚಿದಳು.

“ಗೊತ್ತಿಲ್ಲ ಅಂದಿದ್ದಕ್ಕೆ ಪೇಡೆಯೇನೇ?” ಎಂದೆ.

“ಅದು ಎಷ್ಟು ಕಷ್ಟದ ವಿದ್ಯೆ ಗೊತ್ತಾ? ನಿಂಗೆ ಇನ್ನೂ ಬಂದಿಲ್ಲ, ನೋಡು!”

ಇರಬಹುದು. ಚಿಕ್ಕಪ್ಪನ ಕಲ್ಲು ಎಲ್ಲಿ ಬಿತ್ತು ಎಂದು ನಾನು ಎಷ್ಟು ಜನರಿಗೆ ಕಣ್ಣಾರೆ ಕಂಡವನಂತೆ ಹೇಳಿಲ್ಲ! ಹೊಸನಗರದ ನಮ್ಮ ಚಿಕ್ಕಪ್ಪ ಸಾಗರ–ತೀರ್ಥಹಳ್ಳಿ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ದಾರಿಯಲ್ಲಿ ಇಳಿಯಬೇಕಾದೀತೆಂದು ನೀರೇ ಕುಡಿಯುತ್ತಿರಲಿಲ್ಲ. ಕಲ್ಲು ಕಟ್ಟದೆ ಇದ್ದೀತೇ? ಅದು ಬಿದ್ದದ್ದು ಹೊಸನಗರದ ಸ್ಟ್ಯಾಂಡಿನಲ್ಲಿ ಎಂದು ನಾನು, ತೀರ್ಥಹಳ್ಳಿಯಲ್ಲಿ ಎಂದು ಅಕ್ಕ. ಚಿಕ್ಕಪ್ಪ ಹೇಳಿದಾಗಲೆಲ್ಲ ಊರು ಬದಲಾಗುತ್ತದೆ. ನನ್ನ ನೆನಪನ್ನು ನಾನೇ ನಂಬುವುದಿಲ್ಲ, ನೀವೂ ನಂಬಬೇಡಿ. ಎಲ್ಲರೂ ಒಪ್ಪುವುದು ಇಷ್ಟನ್ನೇ: ಚಿಕ್ಕಮ್ಮ ಅವರ ಟಿಕೆಟ್ ಚೀಲದಲ್ಲಿ ಚಹಾ ಸೋಸುವ ಜಾಲರಿ ಇಟ್ಟಿದ್ದರು, ಕಲ್ಲು ಅದರಲ್ಲಿ ಸಿಕ್ಕಿತು. ಆಮೇಲೆ ಆ ಮನೆಯಲ್ಲಿ ನಾನು ಚಹಾ ಕುಡಿದಿಲ್ಲ.

ಚಿಕ್ಕಮ್ಮ ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ಚಿಕ್ಕಪ್ಪನಿಗೆ ಮತ್ತೆ ಅದೇ ನೋವು, ಇನ್ನೊಂದು ಕಲ್ಲು. ಆಪರೇಷನ್ ಆಗಬಹುದು ಎಂದರು ಡಾಕ್ಟರು. ಹಳೆಯ ಕಲ್ಲು ಯಾವ ಜಾತಿಯದೆಂದು ತಿಳಿದರೆ ಗುಳಿಗೆಯಲ್ಲೇ ಕರಗುತ್ತದೋ ನೋಡಬಹುದಂತೆ. ಆಪರೇಷನ್ ಎಂಬ ಶಬ್ದಕ್ಕೇ ಬೆವರುವ ಮನುಷ್ಯ ನಮ್ಮ ಚಿಕ್ಕಪ್ಪ. ಅಕ್ಕ ಅಂಗೈಯಗಲದ ಒರಳನ್ನು ಚೀಲಕ್ಕೆ ಹಾಕಿಕೊಂಡು, ನನ್ನನ್ನೂ ಎಳೆದುಕೊಂಡು, ಹೊಸನಗರಕ್ಕೆ ಹೊರಟಳು.

“ಕಲ್ಲು ಕೊಡಿ ಚಿಕ್ಕಪ್ಪಾ.”

“ವಾಪಸ್ ಕೊಡ್ತ್ಯಾ?”

“ಹೇಗೆ ಕೊಡ್ಲಿ? ಪುಡಿ ಮಾಡ್ಬೇಕು.”

“ಹಾಗಾರೆ ಆಪರೇಷನ್ನೇ ಆಗ್ಲಿ ಬಿಡು ಮಾರಾಯ್ತಿ.”

ಒಳಗಿನಿಂದ ಅವರು ಚಿಕ್ಕಮ್ಮನ ಕುಂಕುಮದ ಭರಣಿ ತಂದರು. ಕಲ್ಲು ಅದರಲ್ಲಿತ್ತು, ಮೆಣಸಿನ ಕಾಳಿನಷ್ಟು, ಕೆಂಪಗೆ. “ದಿನಾ ಬಾಳೆದಿಂಡು ಜಜ್ಜಿ ರಸ ಕುಡ್ಸಿದ್ಲು. ಬಿದ್ದ ದಿನ ಅವಳೇ ಇದ್ರಲ್ಲಿ ಹಾಕಿಟ್ಲು. ‘ನಾನು ಗೆದ್ದಿದ್ದು ಇದು’ ಅಂತಿದ್ಲು.”

ಅಕ್ಕ ವಾದಿಸಲಿಲ್ಲ. ಒರಳನ್ನು ಅವರ ಮುಂದೆ ಇಟ್ಟಳು. ಚಿಕ್ಕಪ್ಪ ಬಹಳ ಹೊತ್ತು ಒರಳನ್ನೇ ನೋಡಿ, “ನಾನೇ ಅರೀಲಾ?” ಎಂದರು. ಅಕ್ಕ ತಲೆಯಾಡಿಸಿದಳು.

ಹಿಂದೊಮ್ಮೆ ನನ್ನ ಬೆರಳು ತಗುಲಿತೆಂದು ಒಂದಿಡೀ ದಿನದ ಪುಡಿಯನ್ನು ಚೆಲ್ಲಿದವಳು ಇವಳು! ಕಲ್ಲು ತೊಳೆಯಲು ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಚಿಕ್ಕಪ್ಪ ಕುಂಕುಮದ ಸಮೇತ ನುಣ್ಣಗೆ ಅರೆದರು. ಹೊರಡುವಾಗ ಅಕ್ಕ ಭರಣಿಯಿಂದ ಒಂದು ಚಿಟಿಕೆ ಬೇರೆಯಾಗಿ ಕೇಳಿ ಪಡೆದಳು.

ಯಂತ್ರ ‘ಗೊತ್ತಿಲ್ಲ’ ಎಂದಿತು. ಈ ಸಲ ಪೇಡೆಯಿಲ್ಲ. ಅಕ್ಕ ಆ ಚಿಟಿಕೆ ಕುಂಕುಮಕ್ಕೆ ಬೆಳಕು ಹಾಯಿಸಿ ಅದರ ಗೆರೆ ಬರೆಸಿದಳು. ಬೆರಕೆಯ ಗೆರೆಯಿಂದ ಅದನ್ನು ಕಳೆದಳು. ಫೋನು ಬಂದಾಗ ನಾನು ಚಿಕ್ಕಪ್ಪನ ಮನೆಯಲ್ಲೇ ಇದ್ದೆ, ಸ್ಪೀಕರ್ ಹಾಕಿದೆ.

“ಕುಂಕುಮದ ಗೆರೆ ತೆಗೆದೆ ಚಿಕ್ಕಪ್ಪಾ. ಉಳಿದಿದ್ದು ಯೂರಿಕ್ ಆಸಿಡ್. ಗುಳಿಗೇಲಿ ಕರಗೋ ಜಾತಿ. ರಿಪೋರ್ಟ್ ಕಳ್ಸಿದೀನಿ, ಡಾಕ್ಟ್ರಿಗೆ ತೋರ್ಸಿ.”

ಚಿಕ್ಕಪ್ಪ ಹಿಗ್ಗುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ. “ತೆಗೆದಿದ್ದನ್ನ ಎಂತ ಮಾಡ್ದೆ?”

“ಎಸೆದಿಲ್ಲ. ಬೇರೆ ಫೈಲ್ ಮಾಡಿ ಯಂತ್ರಕ್ಕೆ ಕಲ್ಸಿದೀನಿ. ಇನ್ಮೇಲೆ ಅದು ಗುರುತು ಹಿಡಿಯತ್ತೆ.”

“ಎಂತ ಹೆಸ್ರಲ್ಲಿ?”

“ಚಿಕ್ಕಮ್ಮ ಅಂತ.”

ಚಿಕ್ಕಪ್ಪ ಫೋನನ್ನು ನನ್ನ ಕೈಗಿಟ್ಟು, “ಗುಳಿಗೆ ನುಂಗ್ಲಿಕ್ಕೆ ನೀರು ಬೇಕಲ್ಲ” ಎನ್ನುತ್ತ ಒಳಗೆ ಹೋದರು. ಗುಳಿಗೆ ಇನ್ನೂ ತಂದಿರಲಿಲ್ಲ.