ಆರು ವಾಲ್ವು, ಒಂದು ಬಾಯ್ಲರು, ನಮ್ಮತ್ತೆ

ಮನೇಲಿ ಒಬ್ಬ ಎಂಜಿನಿಯರ್ ಇದ್ದರೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ಇಲ್ಲದಿದ್ದರೆ ಪ್ಲಂಬರ್ ಬಂದು ಒಂದೇ ದಿನದಲ್ಲಿ ಮುಗಿಸಿಕೊಟ್ಟು ಹೋಗಿರುತ್ತಿದ್ದ.

ನಾನು ಮ್ಯಾನ್‌ಹಟನ್ನಿನ ಒಂದು ಆಫೀಸಿನಲ್ಲಿ ಸೇತುವೆಗಳ ಡ್ರಾಯಿಂಗ್ ಮಾಡುತ್ತಿದ್ದವನು. ಎಪ್ಪತ್ತರ ದಶಕದ ಒಂದು ಜನವರಿ. ಹ್ಯಾರಿಸನ್ನಿನಲ್ಲಿ ಹಳೇ ಮನೆ ಕೊಂಡು ಮೊದಲನೇ ಚಳಿಗಾಲ. ಹೆಂಡತಿಗೆ ದಿನ ತುಂಬುವ ಮುಂಚೆಯೇ ಹೆರಿಗೆಯಾಗಿ, ತಾಯಿ ಮಗು ಇಬ್ಬರೂ ಆಸ್ಪತ್ರೆಯಲ್ಲಿದ್ದರು. "ಗುರುವಾರ ಮನೆಗೆ ಕಳಿಸ್ತೀವಿ, ಆದರೆ ಮಗುವಿನ ರೂಮು ಸದಾ ಬೆಚ್ಚಗಿರಬೇಕು" ಅಂತ ಡಾಕ್ಟರು ಎರಡೆರಡು ಸಲ ಹೇಳಿದ್ದರು. ನಮ್ಮ ದುರದೃಷ್ಟಕ್ಕೆ ಬೇಸ್‌ಮೆಂಟಿನ ಬಾಯ್ಲರಿನಿಂದ ಬಿಸಿನೀರು ಬಂದು ಆ ರೂಮನ್ನು ಕಾಯಿಸುವ ರೇಡಿಯೇಟರಿನ ವಾಲ್ವೇ ತುಕ್ಕು ಹಿಡಿದು ಮುಚ್ಚಿಕೊಂಡಿತ್ತು. ಮಿಕ್ಕ ಐದೂ ತೊಟ್ಟಿಕ್ಕುತ್ತಿದ್ದವು. ಆರನ್ನೂ ನಾನೇ ಬದಲಾಯಿಸ್ತೀನಿ ಅಂದುಬಿಟ್ಟೆ. ಆವತ್ತು ಸೋಮವಾರ.

ಕಿರುಬೆರಳಿನ ಅಳತೆ

ಹಾರ್ಡ್‌ವೇರ್ ಅಂಗಡಿಯ ಮುದುಕ "ಪೈಪಿನ ಸೈಜೆಷ್ಟು?" ಅಂದ. ಟೇಪು ಹಿಡಿಯದೆ ಹೋಗಿದ್ದ ಎಂಜಿನಿಯರು ನಾನು, ಕಿರುಬೆರಳು ತೋರಿಸಿದೆ.

ಅವನು ನಕ್ಕ. "ಅದು ಫ್ರಿಜ್ಜಿನ ಪೈಪು. ನಾನು ಕೇಳಿದ್ದು ಮನೆ ಬಿಸಿ ಮಾಡೋದು."

"ಅದೇ ಇದು. ನಮಗಿಂತ ಹಿಂದೆ ಇದ್ದವರು ಎಲ್ಲ ರೂಮಿಗೂ ಇಷ್ಟೇ ಸಣ್ಣ ತಾಮ್ರದ ಕೊಳವೆ ಎಳೆಸಿದ್ದಾರೆ."

ಮುದುಕ ಸ್ವಲ್ಪ ಹೊತ್ತು ನನ್ನ ಬೆರಳನ್ನೇ ನೋಡಿದ. ಒಳಗೆ ಹೋಗಿ ಹುಡುಕಾಡಿ, ಧೂಳು ಹಿಡಿದ ಡಬ್ಬದಿಂದ ಆರು ವಾಲ್ವು ತಂದಿಟ್ಟ. ಜೊತೆಗೊಂದು ಚೀಟಿ ಬರೆದುಕೊಟ್ಟ. ಏನಿದು ಅಂದೆ.

"ಪ್ಲಂಬರ್ ಫೋನ್ ನಂಬರು. ಈಗಲೇ ಬೇಡ. ಮೊದಲು ನೀನು ಶುರು ಮಾಡು."

ಹೆಬ್ಬೆರಳು

ಧಾರವಾಡದ ನನ್ನ ಗೆಳೆಯ, ಅವನೂ ಡಾಕ್ಟರು, ಬುಧವಾರ ರಜಾ ಹಾಕಿ ಪಾರ್ಸಿಪನಿಯಿಂದ ಡ್ರೈವ್ ಮಾಡಿಕೊಂಡು ಬಂದ. ಬೇಸ್‌ಮೆಂಟಿನಲ್ಲಿ ಬಾಯ್ಲರಿನ ಬುಡದ ನಲ್ಲಿಗೆ ಹೋಸ್ ಸಿಕ್ಕಿಸಿ ನೀರೆಲ್ಲ ಬಿಟ್ಟೆವು. ಒಂದೊಂದೇ ವಾಲ್ವು ಬದಲಾಯಿಸುತ್ತಾ ಮಧ್ಯಾಹ್ನದ ಹೊತ್ತಿಗೆ ಐದು ಮುಗಿದವು. ಕೊನೆಯದು ಅಡುಗೆಮನೆಯದು. ಬಿಚ್ಚಿದೆ ನೋಡಿ, ಮಸಿ ಬಣ್ಣದ ನೀರು ರಾಚಿಕೊಂಡು ಬಂತು. ಅಡುಗೆಮನೆ ಸಾಲಿನ ಪೈಪಿಗೆ, ನೀರು ಇಳಿಯಲೆಂದು ಮೇಲಿಂದ ಗಾಳಿ ಬಿಡುವ ತಿರುಪು ತೆಗೆಯೋದನ್ನ ಮರೆತಿದ್ದೆ. ನೀರೆಲ್ಲ ಆ ಸಣ್ಣ ಕೊಳವೆಗಳಲ್ಲೇ ನಿಂತುಬಿಟ್ಟಿತ್ತು.

ಗೆಳೆಯ ಹಾರಿ ಬಂದು ಹೆಬ್ಬೆರಳಿನಿಂದ ಒತ್ತಿ ಹಿಡಿದ. "ಎಷ್ಟೋ ಮಂದೀದು ರಕ್ತ ನಿಲ್ಲಿಸೀನಿ. ನಿಮ್ಮನಿ ನೀರು ಮಾತ್ರ ನಿಲ್ಲವಲ್ದಲ್ಲೋ! ಬೆರಳು ತೆಗೀಲೇನು?"

"ಅಯ್ಯೋ ಬೇಡ ಮಾರಾಯ!" ಅಂತ ಆ ತಿರುಪು ತೆಗೆಯಲು ಮೇಲಕ್ಕೆ ಓಡುವಷ್ಟರಲ್ಲಿ ಫೋನು ಬಂತು. ಆಸ್ಪತ್ರೆಯಿಂದ ನನ್ನಾಕೆ.

"ರೀ, ಮನೆ ರೆಡಿ ಆಯ್ತಾ? ನಂಗ್ಯಾಕೋ ಭಯ ಆಗ್ತಿದೆ."

ನನಗೂ ಭಯವೇ. ಆದರೂ "ಏನೂ ಯೋಚನೆ ಮಾಡ್ಬೇಡ, ಎಲ್ಲಾ ಕಂಟ್ರೋಲಿನಲ್ಲಿದೆ" ಅಂದೆ.

ಅಡುಗೆಮನೆಯಿಂದ ಕೂಗು ಬಂತು: "ನನ್ನ ಹೆಬ್ಬಟ್ಟಿನ್ಯಾಗ ಐತಿ ಅಂತ ಹೇಳೋ!"

ಸ್ಟೆತಾಸ್ಕೋಪು

ಗುರುವಾರ ಮಗು ಬಂತು. ಆರೂ ರೇಡಿಯೇಟರು ಬಿಸಿಯಾಗಿ ರೂಮು ಹದವಾಗಿತ್ತು. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ನಮ್ಮತ್ತೆ, "ಪರವಾಗಿಲ್ವೇ, ಅಳಿಯಂದ್ರಿಗೆ ಕೈಕೆಲಸಾನೂ ಬರುತ್ತೆ" ಅಂದರು. ಉಬ್ಬಿಹೋದೆ.

ಶುಕ್ರವಾರ ಬೆಳಗ್ಗೆ ಎದ್ದರೆ ಮನೆಯೆಲ್ಲ ತಣ್ಣಗೆ. ನೀರು ಕಡಿಮೆಯಾದರೆ ತಾನಾಗಿ ಆರುವ ಬಾಯ್ಲರು ಆರಿತ್ತು. ನೀರಿನ ಪ್ರೆಶರ್ ತೋರಿಸುವ ಮುಳ್ಳು ಸೊನ್ನೆಯಲ್ಲಿ. ತುಂಬಿಸುವ ನಲ್ಲಿ ತಿರುಗಿಸಿ ನೀರು ಬಿಟ್ಟು ಹಚ್ಚಿದೆ, ಸರಿಹೋಯಿತು. ಶನಿವಾರ ಬೆಳಗ್ಗೆ ಮತ್ತೆ ಅದೇ ಕಥೆ. ನಾನು ಹಾಕಿದ ವಾಲ್ವೇ ಎಲ್ಲೋ ಸೋರುತ್ತಿದೆ ಅಂದುಕೊಂಡು ಆರರ ಕೆಳಗೂ ನ್ಯೂಸ್‌ಪೇಪರ್ ಹಾಸಿದೆ. ಒಂದು ಹನಿ ಬಿದ್ದಿರಲಿಲ್ಲ. ಭಾನುವಾರ ಮತ್ತೆ ಸೊನ್ನೆ.

ಮಗುವಿನ ಪಾದ ಮುಟ್ಟಿ ನೋಡಿದ ನನ್ನಾಕೆ ಅತ್ತೇಬಿಟ್ಟಳು. "ನಿಮ್ಮ ಎಂಜಿನಿಯರಿಂಗ್ ಸಾಕು. ನಾಳೆಯೂ ಹೀಗೇ ಆದರೆ ನಾನು ಮಗೂನ ಕರ್ಕೊಂಡು ವಾಪಸ್ ಆಸ್ಪತ್ರೆಗೆ ಹೋಗ್ತೀನಿ." ನನಗೆ ಅನ್ನ ಸೇರಲಿಲ್ಲ. ಹಟಕ್ಕೆ ಬಿದ್ದು ಕೂಸಿನ ಜೀವದ ಜೊತೆ ಆಟ ಆಡಿದೆನಲ್ಲ ಅನ್ನಿಸಿತು.

ಗೆಳೆಯ ಬಂದು ಗೋಡೆಗುಂಟ ಸ್ಟೆತಾಸ್ಕೋಪು ಹಿಡಿದು ಪೈಪಿನ ಸದ್ದು ಕೇಳುತ್ತಾ ಹೋದ. ಅರ್ಧ ಗಂಟೆ ಕೇಳಿ ಕಿವಿಯಿಂದ ತೆಗೆದ.

"ಏನಾಗಿದೆಯೋ?"

"ಪೇಶಂಟ್ ಆರಾಮ್ ಅದಾನ. ಮನಿಯವರಿಗೆ ಧೈರ್ಯ ಬೇಕು."

ಬೆಳಗಿನ ಕಾವಲು

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಶಾಲು ಹೊದ್ದು ಬೇಸ್‌ಮೆಂಟಿನಲ್ಲಿ ಬಾಯ್ಲರಿನ ಎದುರು ಕೂತೆ. ಜೇಬಿನಲ್ಲಿ ಮುದುಕ ಕೊಟ್ಟ ಚೀಟಿ. ಮುಳ್ಳು ಸರಿಯಾಗಿತ್ತು, ಬಾಯ್ಲರು ಗುಂಯ್ ಅನ್ನುತ್ತಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದು. ನಮ್ಮತ್ತೆ, ಎರಡು ಕೈಯಲ್ಲೂ ಬಕೆಟ್ಟು. ಸೀದಾ ಬಂದು ಬಾಯ್ಲರಿನ ಬುಡದ ನಲ್ಲಿ ತಿರುಗಿಸಿ ಕೆಳಗೆ ಬಕೆಟ್ ಇಟ್ಟರು. ಮುಳ್ಳು ನನ್ನ ಕಣ್ಣೆದುರಿಗೇ ಇಳಿಯತೊಡಗಿತು.

"ಅತ್ತೇ! ಏನ್ ಮಾಡ್ತಿದ್ದೀರಿ?"

ಅವರು ಗಾಬರಿಯೇನೂ ಆಗಲಿಲ್ಲ. "ಮಗು ಬಟ್ಟೆ ನೆನೆಸೋಕೆ ಬಿಸಿನೀರು. ಮೇಲಿನ ನಲ್ಲೀದೆಲ್ಲ ಬಾಣಂತಿ ಸ್ನಾನಕ್ಕೇ ಮುಗಿದುಹೋಗುತ್ತೆ. ಇಲ್ಲಿ ಇಷ್ಟು ದೊಡ್ಡ ಹಂಡೆ ಸುಮ್ಮನೆ ಕಾಯ್ತಾ ಇರುತ್ತಲ್ಲ. ನೀರು ಒಂಚೂರು ಕೆಂಪಗಿದೆ, ಮೊದಲನೇ ನೀರಿಗೆ ಸಾಕು."

ಸಿಟ್ಟು ನೆತ್ತಿಗೇರಿತು. ವಾಲ್ವು ಸೋರುತ್ತಿರಲಿಲ್ಲ ಅನ್ನೋ ಸಮಾಧಾನಕ್ಕೆ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಕೇಳಿದೆ: "ಹಂಡೆ ಅಂದ್ರಲ್ಲ, ಬಿಸಿನೀರು ತೆಗೆದ ಮೇಲೆ ಅಷ್ಟೇ ತಣ್ಣೀರು ಹುಯ್ಯಬೇಕು ಅಂತ ಮೈಸೂರಿನಲ್ಲಿ ನಮಗೆಲ್ಲ ಬೈದು ಹೇಳ್ತಿದ್ದೋರು ನೀವೇ ಅಲ್ವಾ?"

"ಹುಯ್ಯೋಕೆ ಇದಕ್ಕೆ ಬಾಯಿ ಎಲ್ಲಿದೆ? ಅದೂ ಅಲ್ದೆ, ದಿನಾ ಬೆಳಗ್ಗೆ ನೀವೇ ಬಂದು ತುಂಬಿಸ್ತಾ ಇದ್ರಲ್ಲ. ನಾನು ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ, ನೀವು ಒಂದು ದಿನ ತಪ್ಪಿಸಲಿಲ್ಲ. ಇಂಥ ಅಳಿಯ ಯಾರಿಗೆ ಸಿಗ್ತಾನೆ ಅಂತ ನಿನ್ನೆ ತಾನೆ ನಿಮ್ಮ ಮಾವನಿಗೆ ಕಾಗದ ಬರೆದಿದ್ದೀನಿ!"