ಮಟ್ಟದ ಮೇಸ್ತ್ರಿಯ ಮಧ್ಯಾಹ್ನದ ನಿದ್ದೆ

ಈ ಲೋಕದಲ್ಲಿ ಯಾವುದೂ ಮಟ್ಟವಾಗಿಲ್ಲ ಎನ್ನುವುದು ಮೇಸ್ತ್ರಿಯ ಹಳೇ ದೂರು. ಹೋಟೆಲಿಗೆ ಹೋದರೆ ಮೇಜು ಕುಂಟುತ್ತದೆ, ಆಸ್ಪತ್ರೆಗೆ ಹೋದರೆ ಗೋಡೆಯ ಗಡಿಯಾರ ವಾಲಿರುತ್ತದೆ, ನೆಂಟರ ಮನೆಗೆ ಹೋದರೆ ಹೊಸ್ತಿಲು ಎಡಗಡೆ ಒಂದು ನೂಲು ತಗ್ಗು. ನೆಲಕ್ಕೆ ಟೈಲ್ಸ್ ಹಾಕುತ್ತ ಇಪ್ಪತ್ತೆರಡು ವರ್ಷ ಮಂಡಿಯೂರಿದ ಮನುಷ್ಯ. ಅವನ ಕಂಕುಳಲ್ಲಿ ಸದಾ ಒಂದು ರಸಮಟ್ಟ. ಎರಡಡಿ ಉದ್ದದ ಮರದ ಪಟ್ಟಿ, ನಡುವೆ ಗಾಜಿನ ಕೊಳವೆ, ಕೊಳವೆಯೊಳಗೆ ಒಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ಲೋಕ ಸರಿ, ಆಚೀಚೆ ಸರಿದರೆ ಲೋಕ ತಪ್ಪು. (ಮದುವೆಯ ದಿನ ಫೋಟೋಕ್ಕೆ ಕೂರುವ ಬೆಂಚಿನ ಮೇಲೂ ಅದನ್ನಿಟ್ಟು ನೋಡಿ, ‘ಹುಡುಗಿ ಕೂತ ಕಡೆ ತಗ್ಗಿದೆ’ ಎಂದವನು. ಆ ಮಾತು ಹದಿನೆಂಟು ವರ್ಷದಿಂದ ಅವನ ಮನೆಯಲ್ಲಿ ಬಾಡಿಗೆ ಕೊಡದೆ ವಾಸವಾಗಿದೆ.)

ಇಂಥ ಮಟ್ಟದ ಮನುಷ್ಯನ ಹೆಸರಿಗೆ ಒಂದೇ ಒಂದು ಕಲೆ. ಅದು ಭಾವನ ಮನೆಯ ಬಚ್ಚಲು.

ಭಾವ ಎಂದರೆ ಹೆಂಡತಿಯ ಅಣ್ಣ, ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರರಾಗಿದ್ದು ನಿವೃತ್ತರಾದವರು. ನಿವೃತ್ತರಾದದ್ದು ಅವರು ಮಾತ್ರ, ಕೊರಳಿನ ಸೀಟಿ ಇನ್ನೂ ನೌಕರಿಯಲ್ಲೇ ಇದೆ. ಮೇಸ್ತ್ರಿ ಹೊಸ ಅಳಿಯನಾಗಿದ್ದಾಗ, ಹೆಣ್ಣು ಕೊಟ್ಟ ಮನೆಯವರಿಗೆ ತನ್ನ ಕೈಚಳಕ ತೋರಿಸಲೇಬೇಕೆಂದು ಅವರ ಬಚ್ಚಲಿಗೆ ತಾನೇ ಟೈಲ್ಸ್ ಹಾಕಿದ್ದ. ಎಂಥ ನೆಲ ಅದು! ರಸಮಟ್ಟವನ್ನು ಯಾವ ಮೂಲೆಯಲ್ಲಿಟ್ಟರೂ ಗುಳ್ಳೆ ಕದಲಲಿಲ್ಲ. ಆದರೆ ಬಚ್ಚಲ ನೆಲ ಮಟ್ಟವಾಗಿರಬಾರದು, ನೀರು ತೂಬಿನ ಕಡೆ ಹರಿದುಹೋಗಲು ಒಂದಿಷ್ಟು ವಾಟ ಇರಬೇಕು. ಕಸುಬಿನಲ್ಲಿ ಅಂಬೆಗಾಲಿಡುವವರಿಗೂ ಗೊತ್ತಿರುವ ಈ ಸಂಗತಿ ಅಂದು ಅಳಿಯತನದ ಹುರುಪಿನಲ್ಲಿ ಕೊಚ್ಚಿಹೋಗಿತ್ತು. ಅಂದಿನಿಂದ ಆ ಬಚ್ಚಲಿನಲ್ಲಿ ಸುರಿದ ನೀರು ಎತ್ತ ಹೋಗಲೆಂದು ತಿಳಿಯದೆ ನಿಂತೇ ಇರುತ್ತದೆ. ಸ್ನಾನ ಮುಗಿಸಿದವರು ಉದ್ದನೆಯ ವೈಪರ್ ಹಿಡಿದು ಅದನ್ನು ತೂಬಿನವರೆಗೆ ಕಳಿಸಿಕೊಡಬೇಕು. ಹೊಸ ನೆಂಟರು ಯಾರೇ ಬರಲಿ, ಭಾವ ಅವರನ್ನು ಬಚ್ಚಲ ಬಾಗಿಲಿಗೆ ಕರೆದೊಯ್ದು, “ಇದು ನಮ್ಮ ಮೇಸ್ತ್ರಿಗಳು ಹಾಕಿದ್ದು” ಎಂದು ಗಂಭೀರವಾಗಿ ಪರಿಚಯ ಮಾಡಿಸುತ್ತಾರೆ. ಮೇಸ್ತ್ರಿ ಅಲ್ಲಿ ಉಳಿದ ದಿನವಂತೂ ವೈಪರ್ ಅವನದೇ.

ಇನ್ನು ಮೇಸ್ತ್ರಿಯ ಹೆಂಡತಿ. ಬೀದಿಯ ತುದಿಯಲ್ಲಿ ಅವಳದೊಂದು ಲಾಂಡ್ರಿ. ವರ್ಷವಿಡೀ ಸೋಪು, ಹಬೆ, ಇಸ್ತ್ರಿ. ಊರವರ ಅಂಗಿಯ ಕಲೆ ನೋಡಿ ಅದು ಚಹಾದ್ದೋ ಸಾರಿನದೋ, ನಿನ್ನೆಯದೋ ಮೊನ್ನೆಯದೋ ಎಂದು ಹೇಳಬಲ್ಲಳು. ವರ್ಷಕ್ಕೆ ನಾಲ್ಕು ದಿನ ಅಂಗಡಿಗೆ ಬೀಗ. ಆ ನಾಲ್ಕು ದಿನಗಳಲ್ಲಿ ಅವಳು ಬೇಡಿದ್ದು ಒಂದೇ: ತಾನು ಕೈಯಿಡಬೇಕಾಗಿಲ್ಲದ ನೀರನ್ನು ಸುಮ್ಮನೆ ಕೂತು ನೋಡಬೇಕು. ಇಷ್ಟು ಸಣ್ಣ ಆಸೆಯನ್ನು ಮೇಸ್ತ್ರಿ ಮೂರು ವರ್ಷ ಸತತವಾಗಿ ಕೆಡಿಸಿದ್ದ. ಒಂದು ವರ್ಷ ಅತಿಥಿಗೃಹದ ಮಂಚ ಓರೆಯೆಂದು ಜಗಳವಾಡಿ ಮೊದಲ ದಿನವೇ ವಾಪಸು. ಇನ್ನೊಂದು ವರ್ಷ ಕೆರೆಯ ಮೆಟ್ಟಿಲು ಸರಿಯಿಲ್ಲವೆಂದು ಅಲ್ಲಿನವರಿಗೆ ಪಾಠ ಹೇಳುವುದರಲ್ಲೇ ರಜೆ ಮುಗಿಯಿತು. ಮೂರನೆಯದು ಹೇಳದಿರುವುದೇ ವಾಸಿ.

ಈ ವರ್ಷ ಮಗಳು ಫೋನಿನಲ್ಲಿ ಒಂದು ಜಾಗ ಹುಡುಕಿದಳು. ನದಿ ಬಂದು ಕೊಲ್ಲಿಗೆ ಸೇರುವಲ್ಲಿ, ನೀರಿನ ಪಕ್ಕದಲ್ಲೇ ಡೇರೆ ಹಾಕಿಕೊಂಡು ಇರಬಹುದು. ಡೇರೆ ಎಲ್ಲಿ ಎನ್ನುವುದನ್ನು ಹೋದಮೇಲೆ ನಾವೇ ಆರಿಸಿಕೊಳ್ಳಬೇಕು. ‘ಆರಿಸಿಕೊಳ್ಳಬೇಕು’ ಎಂಬುದು ಕಿವಿಗೆ ಬಿದ್ದದ್ದೇ ತಡ, ಮೇಸ್ತ್ರಿ ರಸಮಟ್ಟ ಒರೆಸತೊಡಗಿದ.

ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ತಣ್ಣನೆಯ ದನಿಯಲ್ಲಿ ಷರತ್ತು ಹಾಕಿದಳು. “ಜಾಗ ನೀವೇ ಆರಿಸಿ. ನಾನು ಅಡ್ಡ ಬರಲ್ಲ. ಆದ್ರೆ ಈ ಸಲಾನೂ ಕೆಟ್ಟರೆ, ಮುಂದಿನ ವರ್ಷದಿಂದ ನಾಲ್ಕು ದಿನಾನೂ ನಮ್ಮಣ್ಣನ ಮನೇಲಿ.”

ಮೇಸ್ತ್ರಿಯ ಕಣ್ಮುಂದೆ ಆ ಬಚ್ಚಲು, ಆ ವೈಪರ್, ಆ ಸೀಟಿ ಸಾಲಾಗಿ ಹಾದುಹೋದವು. ಆದರೂ ಗಂಡಸಿನ ಬಾಯಿ, “ಆಯ್ತು” ಎಂದುಬಿಟ್ಟಿತು.

ಅವರು ತಲುಪಿದಾಗ ಬೆಳಗಿನ ಹತ್ತೂವರೆ. ಕ್ಯಾಂಪಿನ ಉಸ್ತುವಾರಿಗೆ ಇದ್ದವನು ಒಬ್ಬ ಮುದುಕ, ಒಂದು ಕಾಲದಲ್ಲಿ ಅದೇ ನದಿಯಲ್ಲಿ ದೋಣಿ ಹಾಕಿದ ಅಂಬಿಗ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಕೇಳದ್ದಕ್ಕೆ ತುಟಿ ಬಿಚ್ಚುತ್ತಿರಲಿಲ್ಲ. ಅವನ ಕಚೇರಿಯ ಗೋಡೆಗೆ ದೊಡ್ಡ ಅಕ್ಷರಗಳ ಹಲಗೆಯೊಂದು ತೂಗುಬಿದ್ದಿತ್ತು. ಮೇಸ್ತ್ರಿ ಅದನ್ನು ನೋಡಿದವನೇ ಹುಬ್ಬು ಗಂಟಿಕ್ಕಿದ. ಹಲಗೆ ಬಲಕ್ಕೆ ಅರ್ಧ ಅಂಗುಲ ಇಳಿದಿತ್ತು. ಕುರ್ಚಿ ಹತ್ತಿ, ರಸಮಟ್ಟ ಇಟ್ಟು, ಮೊಳೆ ಸರಿಮಾಡಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಸಮಾಧಾನಪಟ್ಟ. ಹಲಗೆಯ ಮೇಲೆ ಏನು ಬರೆದಿತ್ತು ಎಂದು ಕೇಳಿದರೆ ಮಾತ್ರ ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಓದಿದಳು. ಓದಿ, ಗಂಡನನ್ನೊಮ್ಮೆ ನೋಡಿ, ಚೀಲ ಎತ್ತಿಕೊಂಡಳು.

ಜಾಗವೆಂದರೆ ಜಾಗ. ಒಂದು ಪಕ್ಕ ನದಿ, ಎದುರಿಗೆ ಕೊಲ್ಲಿ, ಹಿಂದೆ ಮರಗಳಿರುವ ದಿಬ್ಬ. ಬಂದವರೆಲ್ಲ ಆ ದಿಬ್ಬದ ಇಳಿಜಾರಿನಲ್ಲೇ ಡೇರೆ ಹಾಕಿ, ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಎಂಬಂತೆ ಒತ್ತೊತ್ತಾಗಿ ಕೂತಿದ್ದರು. ಕೆಳಗೆ ನೀರಿನ ಬಳಿ ಮಾತ್ರ ವಿಶಾಲವಾದ ಒಂದು ಬಯಲು, ಒಬ್ಬರೂ ಇಲ್ಲದೆ ಖಾಲಿ. ಮೇಸ್ತ್ರಿ ಅಲ್ಲಿ ಮಂಡಿಯೂರಿ ರಸಮಟ್ಟ ಇಟ್ಟ. ಉದ್ದಕ್ಕಿಟ್ಟ, ಅಡ್ಡಕ್ಕಿಟ್ಟ, ಮೂಲೆಯಿಂದ ಮೂಲೆಗಿಟ್ಟ. ಗುಳ್ಳೆ ನಡುವೆಯೇ ಕೂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮನುಷ್ಯರ ಕೈ ಸೋಕದ ನೆಲ ಇಷ್ಟು ಮಟ್ಟವಾಗಿ ಇದ್ದದ್ದನ್ನು ಅವನು ಕಂಡಿರಲಿಲ್ಲ. ನಿಜಕ್ಕೂ ಅವನ ಕಣ್ಣು ತುಂಬಿ ಬಂತು. ಇಷ್ಟು ಜನರಲ್ಲಿ ಒಬ್ಬರಿಗೂ ಕಣ್ಣಿಲ್ಲವಲ್ಲ ಎಂದು ದಿಬ್ಬದವರ ಬಗ್ಗೆ ಮರುಕವೂ ಆಯಿತು.

“ಈ ಜಾಗ ಯಾರಾದ್ರೂ ಹಿಡಿದಿದ್ದಾರಾ?” ಎಂದು ಅಂಬಿಗನನ್ನು ಕೇಳಿದ.

“ಇಲ್ಲ. ಯಾರೂ ಹಿಡಿಯಲ್ಲ.”

“ನೀರಿಗೆ ಹತ್ತಿರ ತಾನೆ?”

“ನೀರೇ ಹತ್ತಿರ ಬರುತ್ತೆ,” ಎಂದು ಅಂಬಿಗ ಹೇಳಿ ತನ್ನ ದಾರಿ ಹಿಡಿದ.

ಹೆಂಡತಿ ಅಷ್ಟರಲ್ಲಿ ದಿಬ್ಬದ ಬುಡದಲ್ಲಿ ಬಗ್ಗಿ ಏನೋ ನೋಡುತ್ತಿದ್ದಳು. ಅಲ್ಲಿ ಒಣಗಿದ ಜೊಂಡು, ಪುಡಿ ಚಿಪ್ಪು, ಕಡ್ಡಿಕಸ ಒಂದು ಗೆರೆಯಂತೆ ಉದ್ದಕ್ಕೂ ಬಿದ್ದಿತ್ತು. ಬಟ್ಟೆಯ ಮೇಲೆ ಚೆಲ್ಲಿದ ನೀರು ಒಣಗಿದರೆ ಅದರ ಅಂಚಿನಲ್ಲಿ ಒಂದು ಗೆರೆ ಉಳಿಯುತ್ತದೆ. ಅದನ್ನು ತೆಗೆಯುವುದರಲ್ಲೇ ಅವಳ ಅರ್ಧ ಆಯುಸ್ಸು ಕಳೆದಿತ್ತು. ಇದೂ ಅದೇ ಗೆರೆ, ಬಟ್ಟೆ ಮಾತ್ರ ದೊಡ್ಡದು. ಷರತ್ತಿನ ಪ್ರಕಾರ ಅವಳು ಅಡ್ಡ ಬರಬಾರದು, ಆದರೆ ಕಟ್ಟಿಕೊಂಡ ಪಾಪಕ್ಕೆ ಒಂದು ಸಲ ಹೇಳಿದಳು.

“ರೀ, ಇಲ್ಲೀವರೆಗೂ ನೀರು ಬರುತ್ತೆ. ಉಬ್ಬರ ಬಂದಾಗ ಕೊಲ್ಲಿ ನೀರು ನದೀನ ಹಿಂದಕ್ಕೆ ದಬ್ಬುತ್ತೆ. ಹಲಗೇಲಿ ಬರೆದಿದೆ.”

“ನದಿ ಕಣೇ ಇದು. ನದಿ ಇಳಿಜಾರಿಗೆ ಹರಿಯುತ್ತೆ, ಮೇಲಕ್ಕೆ ಹತ್ತಲ್ಲ. ನೀರಿನ ವಿಷಯ ನಂಗೆ ಹೇಳಿಕೊಡಬೇಡ.”

“ಹೌದು ಮತ್ತೆ. ನಮ್ಮಣ್ಣನ ಬಚ್ಚಲು ನೋಡಿದೋಳಲ್ವಾ ನಾನು.”

ಈ ಏಟು ನೇರ ಎದೆಗೆ ಬಿತ್ತು. ಮೇಸ್ತ್ರಿ ಡೇರೆಯ ಗೂಟಗಳನ್ನು ಬಡಿಯತೊಡಗಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯ ಕಾಲು ತೋರಿಸಲು ಹೋದರೆ ಅವನು ಎಣಿಕೆಯನ್ನೇ ಬದಲಿಸುತ್ತಾನೆ.

ಡೇರೆ ನಿಂತಿತು. ಅದರ ಮುಂದೆ ನಾಲ್ಕು ಕೋಲಿಗೆ ತಾಡಪಾಲು ಕಟ್ಟಿ ನೆರಳಾಯಿತು. ನೆರಳಿನಲ್ಲಿ ಗಾಳಿ ಹಾಸಿಗೆ ಉಬ್ಬಿತು. ಊಟ ಮುಗಿಸಿದ ಮೇಸ್ತ್ರಿ ಅದರ ಮೇಲೆ ಮೈ ಚಾಚಿ, ಪಕ್ಕದಲ್ಲಿ ರಸಮಟ್ಟವನ್ನು ಮಲಗಿಸಿಕೊಂಡು ಅಪ್ಪಣೆ ಹೊರಡಿಸಿದ. “ಈ ಜಾಗದ ಯೋಗ್ಯತೆ ಏನು ಅಂತ ನಿದ್ದೆ ಮಾಡಿ ತೋರಿಸ್ತೀನಿ. ನಾನಾಗೇ ಏಳೋವರೆಗೆ ಯಾರೂ ಎಬ್ಬಿಸಬಾರದು. ಏನೇ ಆದ್ರೂ.”

“ಏನೇ ಆದ್ರೂ?”

“ಏನೇ ಆದ್ರೂ.”

“ಸರಿ,” ಎಂದಳು ಹೆಂಡತಿ. (ಹೆಂಡತಿ ಒಂದೇ ಮಾತಿಗೆ ‘ಸರಿ’ ಎಂದರೆ ಗಂಡನಾದವನು ತಕ್ಷಣ ಎದ್ದು ಕೂರಬೇಕು. ಮೇಸ್ತ್ರಿಗೆ ಆಗಲೇ ಗೊರಕೆ ಬಂದಿತ್ತು.)

ಎರಡೂವರೆಗೆ ಬಯಲಿನ ಅಂಚಿನಲ್ಲಿ ನೀರಿನ ತೆಳು ನಾಲಿಗೆಯೊಂದು ಕಾಣಿಸಿತು. ತಾಯಿ ಮಗಳು ಇಬ್ಬರೂ ಸದ್ದಿಲ್ಲದೆ ಎದ್ದರು. ಮೊದಲು ಸ್ಟವ್ ಮತ್ತು ಪಾತ್ರೆ ದಿಬ್ಬಕ್ಕೆ ಹೋದವು. ಆಮೇಲೆ ಚೀಲಗಳು, ಚಪ್ಪಲಿಗಳು, ನೀರಿನ ಕ್ಯಾನು. ಗೂಟ ಕಿತ್ತು ಡೇರೆಯನ್ನು ಹಾಗೇ ಎರಡು ತುದಿಯಲ್ಲಿ ಹಿಡಿದು ಸಾಗಿಸಿದರು. ಇದನ್ನು ನೋಡಿ ದಿಬ್ಬದ ಮೇಲಿದ್ದವರು ಒಂದಿಷ್ಟು ಸರಿದು ಜಾಗ ಮಾಡಿಕೊಟ್ಟರು. ಕೊನೆಗೆ ಉಳಿದದ್ದು ತಾಡಪಾಲು, ಅದರ ಕೆಳಗೆ ಯಜಮಾನ.

“ಅಮ್ಮ, ಅಪ್ಪನ್ನ?” ಎಂದಳು ಮಗಳು.

“ಮಾತು ಕೊಟ್ಟಿದ್ದೀನಿ. ಎಬ್ಬಿಸೋ ಹಾಗಿಲ್ಲ.”

ಆದರೂ ಹದಿನೆಂಟು ವರ್ಷ ಕೂಡಿ ಬಾಳಿದ ಜೀವ. ಚೀಲದಲ್ಲಿದ್ದ ಬಟ್ಟೆ ಒಣಹಾಕುವ ಹಗ್ಗವನ್ನು ತೆಗೆದು, ಗಾಳಿ ಹಾಸಿಗೆಯ ಹಿಡಿಗೆ ಭದ್ರವಾಗಿ ಎರಡು ಗಂಟು ಹಾಕಿ, ಇನ್ನೊಂದು ತುದಿಯನ್ನು ದಿಬ್ಬದ ಮರಕ್ಕೆ ಕಟ್ಟಿ ಬಂದಳು. ಗಂಡ ಎಷ್ಟೇ ತೇಲಿದರೂ ಕೊಲ್ಲಿ ದಾಟಬಾರದು ಎಂಬುದು ಅವಳ ಲೆಕ್ಕ.

ಆಮೇಲೆ ಅವಳು ಚಹಾ ಮಾಡಿಕೊಂಡು ಮರದ ಬುಡದಲ್ಲಿ ಕಾಲು ಚಾಚಿ ಕೂತಳು. ಮುಂದೆ ನೀರೇ ನೀರು. ಒಂದು ಅಂಗಿಯಿಲ್ಲ, ಒಂದು ಕಲೆಯಿಲ್ಲ. ನದಿ ತುಂಬುತ್ತ, ಬಿಸಿಲಿಗೆ ಹೊಳೆಯುತ್ತ ಹಿಂದಕ್ಕೆ ಸಾಗುತ್ತಿತ್ತು. ಅಲ್ಲೇ ಮುಂದೆ ಅವಳ ಗಂಡ ಯಾರ ಮೇಲೂ ದೂರಿಲ್ಲದೆ, ಯಾವುದನ್ನೂ ಅಳೆಯದೆ, ಮೆಲ್ಲಗೆ ತೂಗಿಕೊಳ್ಳುತ್ತಿದ್ದ. ಇಷ್ಟು ಸುಖವಾದ ಗಂಟೆ ತನ್ನ ಸಂಸಾರದಲ್ಲಿ ಹಿಂದೆ ಬಂದಿತ್ತೇ ಎಂದು ಅವಳು ಯೋಚಿಸಿದಳು. ಬಂದಿರಲಿಲ್ಲ.

ನಾಲ್ಕಕ್ಕೆ ಮೇಸ್ತ್ರಿಗೆ ಎಚ್ಚರವಾಯಿತು. ಎಂಥ ನಿದ್ದೆ! ತೊಟ್ಟಿಲಲ್ಲಿ ಮಲಗಿ ಎದ್ದ ಹಾಗಿತ್ತು. ಕಣ್ಣು ಬಿಟ್ಟವನು ಮೊದಲು ನೋಡಿದ್ದು ರಸಮಟ್ಟವನ್ನು. ಗುಳ್ಳೆ ಕರಾರುವಾಕ್ಕಾಗಿ ನಡುವೆ ಇತ್ತು. ಮಲಗಿದ್ದಲ್ಲಿಂದಲೇ ಅದನ್ನು ಮೇಲೆತ್ತಿ, ದಿಬ್ಬದವರಿಗೆಲ್ಲ ಕೇಳುವಂತೆ ಕೂಗಿದ. “ನೋಡ್ರಪ್ಪಾ, ಎರಡು ಗಂಟೆ ಮಲಗಿದ್ರೂ ಒಂದು ನೂಲು ಆಚೀಚೆ ಆಗಿಲ್ಲ!”

ದಿಬ್ಬದವರು ಚಪ್ಪಾಳೆ ತಟ್ಟಿದರು. ಕೊನೆಗೂ ಗುಣಗ್ರಾಹಿಗಳು ಸಿಕ್ಕರೆಂದು ಹಿಗ್ಗಿದ ಮೇಸ್ತ್ರಿ, ಅವರಿಗೆ ವಂದಿಸಲೆಂದು ಎದ್ದು ಹಾಸಿಗೆಯಿಂದ ಕಾಲು ಕೆಳಗಿಟ್ಟ. ಹಾಸಿಗೆ ಮಗುಚಿತು. ಮೇಸ್ತ್ರಿ ಮುಳುಗಿ, ಎದ್ದು, ಮೊಣಕಾಲುದ್ದದ ನೀರಿನಲ್ಲಿ ನಿಂತು ನಾಲ್ಕೂ ದಿಕ್ಕು ನೋಡಿದ. ಡೇರೆಯಿಲ್ಲ, ಸ್ಟವ್ ಇಲ್ಲ, ಹೆಂಡತಿಯಿಲ್ಲ, ನೆಲವೇ ಇಲ್ಲ. ಕೈಜಾರಿದ ರಸಮಟ್ಟ ನದಿ ಹರಿಯಬಾರದ ದಿಕ್ಕಿಗೆ ತೇಲಿಕೊಂಡು ಹೋಗುತ್ತಿತ್ತು. ಅಂಬಿಗ ದೋಣಿಯಲ್ಲಿ ಬಂದು ಅದನ್ನು ಹೆಕ್ಕಿಕೊಟ್ಟ.

“ಉಬ್ಬರ ಬರುತ್ತೆ ಅಂತ ಒಂದು ಮಾತು ಹೇಳಬಾರದಿತ್ತಾ ಅಜ್ಜ?”

“ಹಲಗೆ ಹಾಕಿದ್ದೀನಲ್ಲ. ನೀವೇ ನೆಟ್ಟಗೆ ಮಾಡಿದ್ರಿ,” ಎಂದ ಅಂಬಿಗ. ಯಾರೂ ಕೇಳದಿದ್ದರೂ ಮೊದಲ ಸಲ ತಾನಾಗಿ ಒಂದು ಮಾತು ಸೇರಿಸಿದ. “ಈ ಬಯಲು ಇಷ್ಟು ಮಟ್ಟ ಆಗಿರೋದು ಯಾಕೆ ಅಂದ್ಕೊಂಡ್ರಿ? ದಿನಾ ಎರಡು ಸಲ ನೀರೇ ಬಂದು ಒರೆಸಿ ಹೋಗುತ್ತೆ.”

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದುಂಟು. ಮೇಸ್ತ್ರಿಯ ಮೀಸೆಯಲ್ಲಿ ಜೊಂಡೇ ಸಿಕ್ಕಿಕೊಂಡಿತ್ತು. ಹಗ್ಗ ಹಿಡಿದುಕೊಂಡು ದಿಬ್ಬ ಹತ್ತಿದ. ಹೆಂಡತಿ ಟವೆಲ್ ಕೊಟ್ಟಳು, ಚಹಾ ಕೊಟ್ಟಳು, ಮೀಸೆಯ ಜೊಂಡನ್ನೂ ತೆಗೆದಳು. ಅವಳ ಮುಖದಲ್ಲಿ ಕೋಪವೇ ಇರಲಿಲ್ಲ. ಅದನ್ನು ಕಂಡು ಮೇಸ್ತ್ರಿಗೆ ಆಸೆ ಚಿಗುರಿತು.

“ನೋಡು, ನಿಂಗೂ ಖುಷಿ ಆಗಿದೆ. ರಜೆ ಕೆಟ್ಟಿಲ್ಲ ಅಂದಮೇಲೆ ಷರತ್ತೂ ಇಲ್ಲ, ಅಲ್ವಾ?”

“ನನ್ನ ರಜೆ ಕೆಟ್ಟಿಲ್ಲ,” ಎಂದಳು ಅವಳು. “ಆದ್ರೆ ನೀವು ತೇಲ್ತಾ ಇದ್ದಾಗಲೇ ನಮ್ಮಣ್ಣಂಗೆ ಫೋಟೋ ಕಳಿಸಿಬಿಟ್ಟೆ. ಮುಂದಿನ ವರ್ಷ ಬಂದು ಬಚ್ಚಲು ಸರಿಮಾಡಿಕೊಡಲಿ ಅಂತ ಆಗಲೇ ಉತ್ತರಾನೂ ಬಂತು.”

ಮುಂದಿನ ವರ್ಷ ಭಾವನ ಮನೆಯ ಜಗಲಿಯಲ್ಲಿ ಆ ಫೋಟೋ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಅದರ ಕೆಳಗೆ ಹತ್ತು ಪೆಟ್ಟಿಗೆ ಟೈಲ್ಸ್, ಮೂರು ಮೂಟೆ ಸಿಮೆಂಟು. ನಾಲ್ಕು ದಿನದ ರಜೆಯಲ್ಲಿ ಮೇಸ್ತ್ರಿ ಮೂರು ದಿನ ಬಚ್ಚಲಿನಲ್ಲಿ ಮಂಡಿಯೂರಿದ. ಹೆಂಡತಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಚಹಾ ಹೀರುತ್ತ, ‘ಇನ್ನೊಂಚೂರು ವಾಟ ಕೊಡಿ’ ಎನ್ನುತ್ತಿದ್ದಳು. ರಸಮಟ್ಟದ ಗುಳ್ಳೆ ಒಂದು ಬದಿಗೆ ಸರಿದು ನಿಂತಾಗಲೆಲ್ಲ ಮೇಸ್ತ್ರಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದ. ಆದರೂ ಹಲ್ಲುಕಚ್ಚಿ ಮುಗಿಸಿದ. ಭಾವ ಒಂದು ಬಕೆಟ್ ನೀರು ಸುರಿದರು. ನೀರು ಇಷ್ಟೂ ವರ್ಷ ಕಾದಿದ್ದಂತೆ ಓಡಿ ತೂಬಿಗೆ ಇಳಿಯಿತು. ಮನೆಮಂದಿಯೆಲ್ಲ ಸಂಭ್ರಮಪಟ್ಟರು. ಮೇಸ್ತ್ರಿಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನುಳಿದ ಒಂದು ದಿನವಾದರೂ ಮಧ್ಯಾಹ್ನ ಒಂದು ಒಳ್ಳೆಯ ನಿದ್ದೆ ಮಾಡೋಣವೆಂದು ರಸಮಟ್ಟವನ್ನು ಒರೆಸಿ ಕಂಕುಳಿಗೆ ಸೇರಿಸಿದ.

ಭಾವ ಸೀಟಿ ಊದಿದರು. “ಭೇಷ್, ಮೇಸ್ತ್ರಿಗಳೇ. ಅಂದಹಾಗೆ ಮಹಡಿ ಮೇಲಿನ ಬಚ್ಚಲೂ ಆ ವಾರವೇ ನೀವು ಹಾಕಿದ್ದು, ನೆನಪಿದೆ ತಾನೆ?”